ಒಂದು ಬೆರಳಗಲ ಸಂದು

ದಾನವ್ವನಿಗೆ ಆ ಕುರ್ಚಿಯನ್ನು ಕಂಡರೆ ಮೈ ಉರಿಯುತ್ತಿತ್ತು. ಕುರ್ಚಿಯ ತಪ್ಪೇನೂ ಇರಲಿಲ್ಲ. ನೀಲಿ ಬಟ್ಟೆಯದು, ಮಡಚಿ ಚೀಲಕ್ಕೆ ತುರುಕಬಹುದು, ಕೈ ಇಡುವಲ್ಲಿ ಲೋಟಕ್ಕೆಂದು ಬಲೆಯ ಜೇಬೂ ಇತ್ತು. ಆದರೆ ಪ್ರತಿ ಶನಿವಾರ ಕಣಿವೆಗೆ ಬಂದೊಡನೆ ಸುತ್ತಿಗೆ, ಬ್ರಷ್ಷು, ಹೆಲ್ಮೆಟ್ಟುಗಳಿಗಿಂತ ಮೊದಲು ಕಾರಿನಿಂದ ಇಳಿಯುತ್ತಿದ್ದದ್ದು ಅದೇ. ಓಕ್ ಮರದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಅನಂತಪದ್ಮನಾಭ ತಾವೇ ಅದನ್ನು ಬಿಚ್ಚುತ್ತಿದ್ದರು, ಗಟ್ಟಿಯಾಗಿದೆಯೋ ಎಂದು ಒಮ್ಮೆ ಒತ್ತಿ ನೋಡುತ್ತಿದ್ದರು, ಆಮೇಲೆ, "ಅಮ್ಮಾ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಅಲ್ಲಿಗೆ ದಾನವ್ವನ ದಿನ ಮುಗಿದ ಹಾಗೆಯೇ. ಹತ್ತೂವರೆಗೆ ಉಪ್ಪಿಟ್ಟಿನ ಡಬ್ಬಿ ಬಿಚ್ಚುವುದೊಂದು ಬಾಕಿ.

ಎದುರಿಗೇ ಸೇತುವೆ. ಯೂನಿಯನ್ ಸಿಟಿಯ ಮಗಳ ಮನೆಯಿಂದ ಅರ್ಧ ಗಂಟೆಯ ದಾರಿ, ಬೆಟ್ಟಗಳ ನಡುವಿನ ಒಂದು ಒಣಹಳ್ಳ. ಅದರ ಮೇಲೆ ನೂರಿಪ್ಪತ್ತಡಿ ಉದ್ದದ ಉಕ್ಕಿನ ಪಂಜರ. ರೈಲು ನಿಂತು ನಲವತ್ತು ವರ್ಷವಾಗಿತ್ತು. ಹಳೇ ರೈಲುಗಳನ್ನು ಪ್ರೀತಿಸುವ ಮುದುಕರ ಸಂಘವೊಂದು ಅದನ್ನು ಬೇಡಿ ಪಡೆದುಕೊಂಡು, ಜನ ನಡೆದಾಡುವ ಹಾದಿ ಮಾಡಲು ಹೊರಟಿತ್ತು. ಕೈ ಜೋಡಿಸಿ ಎಂದು ಅವರು ಕೇಳಿದಾಗ ಮುಂದೆ ಬಂದವರು ಕನ್ನಡದ ಹದಿನೈದು ಮಂದಿ. ಅವರ ಮುಂದಾಳು ಸರಟೋಗಾದ ಅನಂತಪದ್ಮನಾಭ. ಮೈಸೂರಿನವರು, ಮೂವತ್ತು ವರ್ಷ ಕಂಪ್ಯೂಟರ್ ಚಿಪ್ಪುಗಳ ವಿನ್ಯಾಸ ಮಾಡಿ ನಿವೃತ್ತರಾದವರು. ಯಾರು ಯಾವ ಶನಿವಾರ ಯಾವ ಕಂಬಕ್ಕೆ ಎಷ್ಟು ಬಣ್ಣ ಬಳಿಯಬೇಕೆಂದು ಪಟ್ಟಿ ಮಾಡಿ ಬುಧವಾರವೇ ಕಳಿಸುವ ಮನುಷ್ಯ. ದಾನವ್ವನ ಮಗಳು ಸುಮನ್ ಅವರ ಬಲಗೈ.

ಕೆಲಸ ಶುರುವಾಗುವ ಮೊದಲು ಸಂಘದ ಅಧ್ಯಕ್ಷ ಡೇಲ್ ಹತ್ತು ನಿಮಿಷ ಸೇತುವೆಯ ಚರಿತ್ರೆ ಹೇಳುತ್ತಿದ್ದ. ಇವನು ಹಿಂದೆ ರೈಲು ಓಡಿಸುತ್ತಿದ್ದವನು, ಎಪ್ಪತ್ತೈದು ದಾಟಿದವನು. ಈ ಸೇತುವೆ ಈ ಹಳ್ಳಕ್ಕೆಂದು ಹುಟ್ಟಿದ್ದಲ್ಲವಂತೆ. ಮೊದಲು ಉತ್ತರದ ಯಾವುದೋ ದೊಡ್ಡ ಹೊಳೆಯ ಮೇಲಿತ್ತು. ಎಂಜಿನ್ನುಗಳು ದಪ್ಪಗಾಗುತ್ತ ಹೋದಾಗ, ಇದು ಭಾರ ತಾಳಲಾರದೆಂದು ಬಿಚ್ಚಿದರು. ಒಂದೊಂದು ತುಂಡಿಗೂ ನಂಬರು ಹೊಡೆದು, ಗಾಡಿಯಲ್ಲಿ ಹೇರಿ, ಈ ಸಣ್ಣ ದಾರಿಗೆ ತಂದು ಮತ್ತೆ ಜೋಡಿಸಿದರು. ಬೇಕಾದರೆ ನೋಡಿ, ಎಂದು ಡೇಲ್ ಒಂದು ಅಡ್ಡಪಟ್ಟಿಯ ಮೇಲಿನ ಅಂಕಿಯನ್ನು ಬೆರಳಿನಿಂದ ಸವರಿ ತೋರಿಸುತ್ತಿದ್ದ.

ಮೊದಲ ಸಲ ಸುಮನ್ ಇದನ್ನು ಕನ್ನಡದಲ್ಲಿ ಹೇಳಿದಾಗ ದಾನವ್ವ, "ಹಂಗಾರ ಇದು ಉಡಿಕಿ ಆದ ಸೇತುವಿ" ಎಂದಿದ್ದಳು. "ಮೊದಲಿನ ಮನಿ ಬಿಟ್ಟು ಎರಡನೇ ಮನಿಗೆ ಬಂದು ಬಾಳೇವು ಮಾಡೇದ. ಗಟ್ಟಿ ಹೆಣ್ಣು."

"ಏನಂದ್ರು ಅಮ್ಮ?" ಎಂದು ಅನಂತಪದ್ಮನಾಭ ಕೇಳಿದರು.

"ತುಂಬಾ ಚೆನ್ನಾಗಿದೆ ಅಂದ್ರು" ಎಂದಳು ಸುಮನ್.

ಮನೆಯಲ್ಲಿ ಹುಬ್ಬಳ್ಳಿಯ ಮಾತು, ನಾಲ್ಕು ಜನರ ನಡುವೆ ಬೆಂಗಳೂರಿನ ಮಾತು. ಸುಮನ್ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಿದ್ದಳು. ತಾಯಿಯನ್ನು ಪರಿಚಯಿಸಿದ್ದೂ ಹಾಗೆಯೇ: "ಅಮ್ಮ ರೈಲ್ವೇಸಲ್ಲಿದ್ರು, ಹುಬ್ಬಳ್ಳಿ ಆಫೀಸಲ್ಲಿ." ಸುಳ್ಳು ಅರ್ಧವೇ. ರೈಲ್ವೆ ನಿಜ, ಹುಬ್ಬಳ್ಳಿ ನಿಜ. ಗಂಡ ತೀರಿಕೊಂಡ ಮೇಲೆ ಅವನ ಕೆಲಸವೇ ದಾನವ್ವನಿಗೆ ಬಂದಿತ್ತು. ಸೇತುವೆಗಳ ಗ್ಯಾಂಗಿನಲ್ಲಿ ಖಲಾಸಿ, ಇಪ್ಪತ್ತಾರು ವರ್ಷ. ಹೊಳೆ ಆಲೂರಿನ ಕಡೆ, ಮಲಪ್ರಭೆಯ ಮೇಲಿನ ಗರ್ಡರುಗಳ ಕೆಳಗೆ ಸೀರೆಯ ಕಚ್ಚೆ ಕಟ್ಟಿ ಕೂತು, ರಿವೆಟ್ಟಿನ ಒಂದು ತಲೆಗೆ ಬೆರಳಿಟ್ಟು ಇನ್ನೊಂದು ತಲೆಗೆ ಸುತ್ತಿಗೆಯಿಂದ ಬಡಿದು, ಒಳಗೆ ಸಡಿಲವಾಗಿದೆಯೋ ಇಲ್ಲವೋ ಎಂದು ಬೆರಳಿಂದಲೇ ಹೇಳುತ್ತಿದ್ದವಳು ಆಕೆ. ಅದನ್ನು ಸುಮನ್ ಇಲ್ಲಿ ಯಾರಿಗೂ ಹೇಳಿರಲಿಲ್ಲ. ದಾನವ್ವನೂ ಹೇಳಿರಲಿಲ್ಲ, ಮಗಳ ಊರು, ಮಗಳ ಜನ, ಅವಳಿಷ್ಟ ಎಂದು ಬಿಟ್ಟಿದ್ದಳು.

ಬಿಡಲಾಗದ ಸಂಗತಿ ಕಣ್ಣಿಗೆ ಬಿದ್ದದ್ದು ಆಗಸ್ಟಿನಲ್ಲಿ.

ಕುರ್ಚಿಯಿಂದ ಎದ್ದರೆ ಹದಿನೈದು ಜನವೂ "ಏನು ಬೇಕಮ್ಮಾ, ನಾವು ತರ್ತೀವಿ" ಎನ್ನುತ್ತಿದ್ದರು. ಯಾರೂ ತಂದುಕೊಡಲಾಗದ್ದು ಒಂದೇ. ಆದ್ದರಿಂದ ದಾನವ್ವ ಆ ದಿನ "ಬಾತ್‌ರೂಮಿಗೆ ಹೋಗಿಬರ್ತೀನಿ" ಎಂದು ಎದ್ದು, ತಾತ್ಕಾಲಿಕ ಪಾಯಖಾನೆಯ ಡಬ್ಬಿಯನ್ನು ದಾಟಿ, ಹಳ್ಳದ ಕಡೆ ಇಳಿದಳು. ಸೇತುವೆಯ ಪೂರ್ವದ ತುದಿ ಕಲ್ಲಿನ ಗೋಡೆಯ ಮೇಲೆ ಕೂರುವ ಜಾಗದ ಎದುರು ನಿಂತಳು.

ಸೇತುವೆ ಎಂದರೆ ಎರಡೂ ತುದಿ ಕಟ್ಟಿ ಕೂರಿಸಿದ ಮಂಚವಲ್ಲ. ಒಂದು ತುದಿಯನ್ನು ಕಲ್ಲಿಗೆ ಬಿಗಿದಿರುತ್ತಾರೆ, ಇನ್ನೊಂದನ್ನು ಬಿಟ್ಟಿರುತ್ತಾರೆ. ಬಿಟ್ಟ ತುದಿಯ ಎಡಕ್ಕೊಂದು ಬಲಕ್ಕೊಂದು ಪಾದ. ಒಂದೊಂದು ಪಾದದಡಿಯಲ್ಲೂ ಲಟ್ಟಣಿಗೆಯಂಥ ಆರಾರು ಉಕ್ಕಿನ ರೋಲರುಗಳು. ಬಿಸಿಲೇರಿದಾಗ ಉಕ್ಕು ಹಿಗ್ಗುತ್ತದೆ, ಪಾದ ರೋಲರುಗಳ ಮೇಲೆ ಮುಂದಕ್ಕೆ ಸರಿಯುತ್ತದೆ. ತಂಪಾದಾಗ ಹಿಂದಕ್ಕೆ ಬರುತ್ತದೆ. ಈ ಉದ್ದದ ಸೇತುವೆಗೆ ಹೆಚ್ಚುಕಡಿಮೆ ಒಂದು ಬೆರಳಗಲ. ಅಷ್ಟು ಜಾಗಕ್ಕೆಂದೇ ಮೇಲೆ, ಸೇತುವೆಯ ನೆಲಕ್ಕೂ ಗೋಡೆಗೂ ನಡುವೆ, ಒಂದು ಸಂದು ಬಿಟ್ಟಿರುತ್ತಾರೆ.

ದಾನವ್ವ ಕಂಡದ್ದೇನೆಂದರೆ, ಮೇಲಿನ ಸಂದಿಗೆ ಯಾರೋ ಸಿಮೆಂಟಿನ ಗಾರೆ ತುಂಬಿ, ಕರಣೆಯಿಂದ ನುಣ್ಣಗೆ ಒರೆಸಿದ್ದರು. ಕೆಳಗಿನ ರೋಲರುಗಳ ನಡುವೆ ನಲವತ್ತು ವರ್ಷದ ತುಕ್ಕು ಹಾಗೇ ಇತ್ತು, ಅದರ ಮೇಲೆ ಬೂದು ಬಣ್ಣ ನಾಲ್ಕು ಕೋಟು ಹೊಡೆದಿದ್ದರು. ಹನ್ನೆರಡು ರೋಲರೂ ಬಣ್ಣದಲ್ಲಿ ಅಂಟಿ ಹೊಳೆಯುತ್ತಿದ್ದವು. ಎಡಪಾದದ ಕೆಳಗಿನ ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕು. ಹಳೆಯ ಬಿರುಕಿನಲ್ಲಿ ಮಣ್ಣು ಕೂತಿರುತ್ತದೆ. ಇದರೊಳಗಿನ ಕಲ್ಲು ಇನ್ನೂ ಬೆಳ್ಳಗಿತ್ತು.

ಮೇಲೆ ಬಂದವಳೇ ಅನಂತಪದ್ಮನಾಭರ ಹತ್ತಿರ ಹೋದಳು. "ಆ ಸಂದಿಗೆ ಗಾರಿ ಯಾರು ತುಂಬ್ಯಾರ್ರಿ?"

"ನಾನೇ ಅಮ್ಮಾ. ಮಕ್ಕಳ ಸ್ಟ್ರೋಲರ್ ಚಕ್ರ ಸಿಕ್ಕಾಕೊಳುತ್ತೆ, ವೀಲ್‌ಚೇರು ಬರುತ್ತೆ. ನೀಟಾಗಿ ಬಂದಿದೆ ಅಲ್ವಾ?"

"ನೀಟಾಗೇದ. ಆದ್ರ ಸೇತುವಿ ಬಿಸಿಲಿಗೆ ಬೆಳೀತದ. ಬೆಳದ್ರ ಎಲ್ಲಿ ಹೋಗಬೇಕದು?"

ಅನಂತಪದ್ಮನಾಭರ ಮುಖ ಅರಳಿತು. ಉಪ್ಪಿಟ್ಟು ತಿಂದು ಮುಗಿಸಿದ್ದ ಕಾಗದದ ತಟ್ಟೆ ತಿರುವಿ, ಪೆನ್ನು ತೆಗೆದು, ಉಕ್ಕು ಯಾಕೆ ಹಿಗ್ಗುತ್ತದೆ ಎಂದು ಆಕೆಗೇ ವಿವರಿಸತೊಡಗಿದರು. "ನೋಡಿ ಅಮ್ಮಾ, ಇದು ಉದ್ದ, ಇದು ಟೆಂಪರೇಚರು. ಹದಿನೈದು ಮಿಲಿಮೀಟರ್ ಬರುತ್ತೆ. ನೀವು ಹೇಳಿದ್ದು ಕರೆಕ್ಟೇ. ಅದಕ್ಕೇ ಕೆಳಗಡೆ ರೋಲರ್ ಇಟ್ಟಿರ್ತಾರೆ."

"ರೋಲರ್ ಉರುಳೂದಿಲ್ರಿ. ಮ್ಯಾಲೆ ಗಾರಿ, ಕೆಳಗ ಬಣ್ಣ, ಒಳಗ ತುಕ್ಕು. ಕಲ್ಲು ಸೀಳಾಕತ್ತೇದ."

"ಇನ್‌ಸ್ಪೆಕ್ಷನ್ ರಿಪೋರ್ಟ್ ಬಂದಿದೆಯಲ್ಲಾ. ಬೇರಿಂಗ್ಸ್, ಅಂದ್ರೆ ಈ ರೋಲರ್‌ಗಳು, ಗುಡ್ ಅಂತ ಬರೆದಿದ್ದಾರೆ."

"ಬರದಾವ ಮುಟ್ಟಿ ನೋಡ್ಯಾನೇನು?"

"ಫೋಟೋ ಕಳಿಸಿದ್ವಿ ಅಮ್ಮಾ. ಸುಮನ್ ಪೇಂಟ್ ಮಾಡಿ ಮುಗಿಸಿದ್ಮೇಲೆ ತೆಗೆದಿದ್ದು. ಎಷ್ಟು ಕ್ಲಿಯರ್ ಆಗಿದೆ ಗೊತ್ತಾ." ಆಮೇಲೆ ಆಕೆಯ ಮುಖ ನೋಡಿ ದನಿ ತಗ್ಗಿಸಿದರು. "ಬಿಸಿಲಿಗೆ ಸುಸ್ತಾಯ್ತೇನೋ. ಬನ್ನಿ, ಕೂತ್ಕೊಳ್ಳಿ."

ಅದು ಮೊದಲ ಸಲ. ಎರಡನೆಯ ಶನಿವಾರ ಹೇಳಿದಾಗ "ನೋಟ್ ಮಾಡ್ಕೊಂಡಿದೀನಿ" ಎಂದರು. ಮೂರನೆಯ ಸಲ ಅವಸರದಲ್ಲಿದ್ದರು. ನಾಲ್ಕನೆಯ ಸಲ ದಾನವ್ವ ಡೇಲ್‌ನ ತೋಳು ಹಿಡಿದು ಕೆಳಗೆ ತೋರಿಸಿದಳು. ಅವನು ಸೇತುವೆಯ ನೆರಳು ಚೆನ್ನಾಗಿ ಬಿದ್ದಿದೆ ಎಂದುಕೊಂಡು ಒಂದು ಫೋಟೋ ತೆಗೆದ. ಐದನೆಯ ಸಲ ಅನಂತಪದ್ಮನಾಭ ಆಕೆಗೊಂದು ಶಾಲು ಹೊದಿಸುವ ಸುದ್ದಿ ಹೇಳಿದರು. ಅಕ್ಟೋಬರಿನ ಮೊದಲ ಶನಿವಾರ ಸೇತುವೆ ತೆರೆಯುತ್ತದೆ, ಮುನ್ನೂರು ಜನ ಹೆಸರು ಕೊಟ್ಟಿದ್ದಾರೆ, ಕನ್ನಡದವರಲ್ಲಿ ಎಲ್ಲರಿಗಿಂತ ಹಿರಿಯರೆಂದು ದಾನವ್ವನ ಕೈಯಿಂದಲೇ ತೆಂಗಿನಕಾಯಿ ಒಡೆಸುವುದೆಂದು ಕಮಿಟಿ ತೀರ್ಮಾನಿಸಿದೆ.

ಬೈಸಿಕೊಂಡರೆ ತಿರುಗಿ ಬೈಯಬಹುದು. ಕಾಲಿಗೆ ಬಿದ್ದವರನ್ನು ಏನು ಮಾಡುವುದು ಎಂದು ದಾನವ್ವನಿಗೆ ತಿಳಿಯಲಿಲ್ಲ. ಇಷ್ಟು ಮರ್ಯಾದೆಯ ನಡುವೆ ಒಂದು ಮಾತು ಹೊಗಲು ಕೂದಲೆಳೆಯಷ್ಟು ಜಾಗವೂ ಉಳಿದಿರಲಿಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಕಾರುಗಳು ಇರುವೆಸಾಲಿನಂತೆ ನಿಂತಿದ್ದವು. ದಾನವ್ವ ಮಗಳಿಗೆ ಎಲ್ಲ ಹೇಳಿದಳು.

"ಹಂಗಾರ ನಾ ಬಳದದ್ದು ತಪ್ಪು" ಎಂದಳು ಸುಮನ್.

"ಬಳದದ್ದು ಚಂದ ಆಗೇದ. ಅಲ್ಲಿ ಬಳೀಬಾರದಿತ್ತು."

"ನಾಲ್ಕು ಶನಿವಾರ ಹೊಟ್ಟಿ ಮ್ಯಾಲೆ ಮಲಗಿ ಬಳದೀನಿ ಅವ್ವಾ. ಒಂದೊಂದು ರೋಲರಿಗೂ ಸಣ್ಣ ಬ್ರಷ್ಷು ತಗೊಂಡು. ಆಗ ಯಾಕ ಹೇಳಲಿಲ್ಲ?"

"ಆಗ ನಾ ಕುರ್ಚಿ ಮ್ಯಾಲಿದ್ದೆ."

ಸುಮನ್ ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡುತ್ತ ಕೂತಳು. "ನಿನಗ ಹೆಂಗ ಗೊತ್ತು ಅಂತ ಅವರು ಕೇಳಿದ್ರ ಏನ್ ಹೇಳ್ತಿ?"

"ಇದ್ದದ್ದು ಹೇಳ್ತೀನಿ. ಜಾಕು ಕೊಟ್ಟು ಎತ್ತಿ, ರೋಲರ್ ತಗದು, ಗ್ಯಾಸೆಣ್ಣ್ಯಾಗ ತೊಳದು, ಗ್ರೀಸು ಹಚ್ಚಿ ಕೂಡಸ್ತಿದ್ದಿವಿ ಅಂತ."

"ಬ್ಯಾಡ."

"ಯಾಕ? ಕಳುವು ಮಾಡೀನೇನು?"

"ಅದಲ್ಲ. ಅವರೇನ್ ಕೆಟ್ಟ ಜನ ಅಲ್ಲ. ಕೀಳಾಗಿ ನೋಡೂದಿಲ್ಲ. ಅಯ್ಯೋ ಪಾಪ ಅಂತಾರ. ಆಮ್ಯಾಲೆ ಇನ್‌ಸ್ಪೈರಿಂಗು ಅಂತಾರ. ಯುಗಾದಿಗೆ ಸ್ಟೇಜ್ ಮ್ಯಾಲೆ ಕರದು ನನ್ನ ಕೈಗೆ ಮೈಕ್ ಕೊಡ್ತಾರ, ಅವ್ವನ ಕಷ್ಟ ಹೇಳು ಅಂತ. ನನಗ ಅದು ಬ್ಯಾಡ. ನಾ ಬರೇ ಸುಮನ್ ಆಗಿ ಇರಬೇಕು."

ಮಗಳ ಮಾತಿನಲ್ಲಿ ಹುರುಳಿತ್ತು. ಆದರೆ ಕಲ್ಲಿನ ಬಿರುಕು ಹೋದ ವಾರ ಕೂದಲೆಳೆಯಷ್ಟಿದ್ದದ್ದು ಈ ವಾರ ಉಗುರು ತೂರುವಷ್ಟಾಗಿತ್ತು. ಮುನ್ನೂರು ಜನ ಮೇಲೆ ನಿಲ್ಲುವ ದಿನ ಪಾದದ ಕೆಳಗಿನ ಕಲ್ಲು ಮುಕ್ಕಾದರೆ, ಆಗ ಯಾರ ಹೆಸರನ್ನು ಯಾರು ಕಾಯುವುದು?

ತೆರೆಯುವುದಕ್ಕೆ ಒಂದು ವಾರ ಮುಂಚಿನ ಶನಿವಾರ ಭಾರೀ ಸೆಕೆ. ಸೆಪ್ಟೆಂಬರ್ ಕೊನೆಗೆ ಇಲ್ಲಿ ಹೀಗೊಂದು ಬಿಸಿಲು ಬರುತ್ತದೆ, ಬೆಟ್ಟದ ಹುಲ್ಲೆಲ್ಲ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿರುತ್ತದೆ. ದಾನವ್ವ ಆ ಬೆಳಗ್ಗೆ ಉಪ್ಪಿಟ್ಟಿನ ಚೀಲದ ತಳದಲ್ಲಿ ಅಳಿಯ ಆಕಾಶನ ಗ್ಯಾರೇಜಿನಿಂದ ತೆಗೆದ ಸುತ್ತಿಗೆ, ಚಾಣ, ತುಕ್ಕು ಸಡಿಲಿಸುವ ಎಣ್ಣೆಯ ಡಬ್ಬಿ ಎಲ್ಲ ಇಟ್ಟುಕೊಂಡಿದ್ದಳು. ಡೇಲ್ ಚರಿತ್ರೆ ಶುರುಮಾಡಿದ. ಎಲ್ಲರೂ ಪಶ್ಚಿಮದ ತುದಿಯಲ್ಲಿ ಅವನ ಸುತ್ತ ನಿಂತರು.

"ಬಾತ್‌ರೂಮಿಗೆ" ಎಂದು ದಾನವ್ವ ಎದ್ದಳು.

ಇಳಿಜಾರನ್ನು ಕೂತುಕೊಂಡೇ ಜಾರಿದಳು. ಪಾದಗಳಿರುವ ಕಲ್ಲಿನ ಕಟ್ಟೆಯ ಮೇಲೆ ಹತ್ತಿ ನಿಂತರೆ ತಲೆಯ ಮೇಲೆಯೇ ಗಾರೆ ತುಂಬಿದ ಸಂದು. ಚಾಣ ಇಟ್ಟು ಬಡಿದಳು. ಗಾರೆ ಒಳ್ಳೆಯದೇ, ಅನಂತಪದ್ಮನಾಭ ಯಾವುದನ್ನೂ ಅರೆಬರೆ ಮಾಡುವವರಲ್ಲ. ಐದು ಏಟಿಗೆ ಒಂದು ಚೂರು ಬಿತ್ತು. ಇನ್ನೂ ಹತ್ತು ಏಟಿಗೆ ಒಂದು ಗೇಣು ಬಿಚ್ಚಿತು. ಪುಡಿ ಕಣ್ಣಿಗೆ ಬಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಬಡಿದಳು.

ಮೇಲಿನಿಂದ ಒಂದು ಹೆಲ್ಮೆಟ್ಟು ಇಣುಕಿತು. "ಅಮ್ಮಾ" ಎಂದರು ಅನಂತಪದ್ಮನಾಭ, ಬಹಳ ಮೆಲ್ಲಗೆ. "ಬಾತ್‌ರೂಮು ಆ ಕಡೆ ಇದೆ."

"ಗೊತ್ತದ್ರಿ."

"ಅದು... ನೀವು ಏನ್ ಮಾಡ್ತಿದೀರಾ?"

"ನೀವು ತುಂಬಿದ್ದು ತಗೀಲಿಕತ್ತೀನಿ."

ಒಂದೊಂದೇ ಹೆಲ್ಮೆಟ್ಟು ಬಂದು ಸಾಲಾಗಿ ನಿಂತಿತು. ಡೇಲ್ ಕೈ ಚೆಲ್ಲಿ, ವಿಮೆ, ವಿಮೆ, ಎಪ್ಪತ್ತರ ಹೆಂಗಸು ಸೇತುವೆಯ ಕೆಳಗೆ, ಎಂದು ಇಂಗ್ಲಿಷಿನಲ್ಲಿ ಹಲುಬಿದ. ಯಾರೋ ಕೆಳಗಿಳಿದು ಆಕೆಯ ತೋಳಿಗೆ ಕೈ ಹಾಕಬಂದರು. ದಾನವ್ವ ಸುತ್ತಿಗೆಯನ್ನು ಕೆಳಗಿಡಲಿಲ್ಲ.

"ಮುಟ್ಟಬ್ಯಾಡ್ರಿ. ಮ್ಯಾಲಿದ್ದಾವರೂ ಕೇಳ್ರಿ. ನಾ ರೈಲ್ವೆ ಆಫೀಸಿನ್ಯಾಗ ಇದ್ದಾಕಿ ಅಲ್ಲ. ಬ್ರಿಜ್ ಗ್ಯಾಂಗಿನ ಖಲಾಸಿ. ಇಪ್ಪತ್ತಾರು ವರ್ಷ ಇಂಥಾ ರೋಲರ್ ತೊಳದೀನಿ. ಆಫೀಸಿಗೆ ಹೋದದ್ದು ಪಗಾರದ ದಿನ ಮಾತ್ರ. ಈ ಸೇತುವಿಗೆ ಉಸಿರು ಕಟ್ಟೇದ. ಬರ್ರಿ, ಈ ಬಿರುಕಿನ್ಯಾಗ ಬೆರಳಿಟ್ಟು ನೋಡ್ರಿ. ಫೋಟೋ ಬ್ಯಾಡ. ಬೆರಳು."

ಅನಂತಪದ್ಮನಾಭ ಇಳಿದು ಬಂದರು. ಬೆರಳಿಟ್ಟರು. ತೆಗೆದು, ಮತ್ತೆ ಇಟ್ಟರು. "ಮೊದಲೇ ಹೇಳ್ಬಾರ್ದಿತ್ತಾ ಅಮ್ಮಾ?"

"ಐದು ಸಲ ಹೇಳೀನ್ರಿ."

"ಅಲ್ಲ, ಖಲಾಸಿ ಅಂತ..."

"ಅದು ಹೇಳಿದ್ರ ಮಾತ್ರ ಉಕ್ಕು ಹಿಗ್ಗತದೇನು?"

ಅವರ ಹಿಂದೆ ಸುಮನ್ ನಿಂತಿದ್ದಳು. ಮುಖ ಕೆಂಪಾಗಿತ್ತು, ಬಿಸಿಲಿಗೋ ಮತ್ತೊಂದಕ್ಕೋ, ದಾನವ್ವ ವಿಚಾರಿಸಲು ಹೋಗಲಿಲ್ಲ.

"ಬ್ಯಾಡ ಅಂದಿದ್ದೆ" ಎಂದಳು ಸುಮನ್. ಎಲ್ಲರೆದುರು, ಹುಬ್ಬಳ್ಳಿಯ ಮಾತಿನಲ್ಲೇ.

"ಅಂದಿದ್ದಿ."

ಸುಮನ್ ಬಣ್ಣ ಕೆರೆಯುವ ಉಳಿಯನ್ನು ಯಾರ ಕೈಯಿಂದಲೋ ಕಿತ್ತುಕೊಂಡು ಎಡಪಾದದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ನಾ ಬಳದದ್ದು ನಾನ ತಗೀತೀನಿ. ನೀ ಆಕಡೆ ಸರಿ." ಹೇಳಿ, ಉಲ್ಟಾ ಹಿಡಿದು ಕೆರೆಯಲು ಶುರುಮಾಡಿದಳು. ದಾನವ್ವ ಎರಡು ನಿಮಿಷ ತಾಳಿದಳು. ಆಮೇಲೆ ಅವಳ ಮಣಿಕಟ್ಟು ಹಿಡಿದು ಉಳಿಯನ್ನು ತಿರುಗಿಸಿಕೊಟ್ಟಳು. ಸುಮನ್ ಕೈ ಬಿಡಿಸಿಕೊಂಡಳು, ಆದರೆ ತಿರುಗಿಸಿಕೊಟ್ಟಂತೆಯೇ ಕೆರೆದಳು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಸಂದು ಪೂರ್ತಿ ತೆರೆಯಿತು. ಎಡಪಾದದ ಆರು ರೋಲರುಗಳ ಬಣ್ಣವೂ ಹೋಯಿತು. ಕೆಳಗಿನ ತುಕ್ಕನ್ನು ತಂತಿಯಿಂದ ಮೀಟಿ ಮೀಟಿ ತೆಗೆದು ಎಣ್ಣೆ ಹೊಯ್ದರು. ಬಲಪಾದದಲ್ಲಿ ತುಕ್ಕು ಕಲ್ಲಾಗಿತ್ತು. ಚಾಣ ಹಾಕಿದರೆ ಚಾಣವೇ ಬಾಗಿತು. ಇಬ್ಬರು ಇಂಜಿನಿಯರರು ಪಾಳಿಯ ಮೇಲೆ ಬಡಿದು ಬೆರಳು ಜಜ್ಜಿಕೊಂಡರು.

"ಈಗೇನ್ ಮಾಡೋದು?" ಎಂದರು ಅನಂತಪದ್ಮನಾಭ. ಶರಟಿನ ತುಂಬ ಗಾರೆಯ ಪುಡಿ.

"ಕಾಯೂದು. ಬಿಸಿಲ ನಮ್ಮ ಜಾಕು."

ಕಾದರು. ಉಕ್ಕನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಮೂರು ಗಂಟೆಯ ಸುಮಾರಿಗೆ ಸೇತುವೆಯ ಹೊಟ್ಟೆಯೊಳಗೆಲ್ಲೋ ಮುದುಕಿ ಸೊಂಟ ನೆಟ್ಟಗೆ ಮಾಡಿಕೊಂಡಂಥ ನರಳಿಕೆ ಎದ್ದಿತು. ಮತ್ತೆ ಟಣ್ ಎಂದು ಒಂದು ಸದ್ದು. ಎಡಪಾದ ಒಂದು ನೂಲಿನಷ್ಟು ಸರಿದು, ರೋಲರುಗಳ ಮೇಲೆ ಎಣ್ಣೆಯ ಹಸಿ ಗೆರೆ ಕಾಣಿಸಿತು. ಡೇಲ್ ಬಗ್ಗಿ ನೋಡಿದ. ಇದರ ಮೇಲೆ ಹತ್ತು ವರ್ಷ ಗಾಡಿ ಓಡಿಸಿದೆ, ಕೆಳಗೆ ಏನಿದೆಯೆಂದು ಒಮ್ಮೆಯೂ ನೋಡಲಿಲ್ಲ, ಎಂದ.

ಚಪ್ಪಾಳೆ ಬಿತ್ತು. ದಾನವ್ವ ಚಪ್ಪಾಳೆಗೆ ತಿರುಗಲಿಲ್ಲ, ಬಲಪಾದವನ್ನು ನೋಡುತ್ತಿದ್ದಳು. ಅದು ಅಲ್ಲಾಡಿರಲಿಲ್ಲ.

"ಇದು ಇನ್ನೂ ಕೆಟ್ಟದ್ದಾತು" ಎಂದಳು. "ಮದಲ ಎರಡೂ ಕಡೆ ಹಿಡಕೊಂಡಿತ್ತು. ಈಗ ಒಂದು ಕಡೆ ಸರೀತದ, ಒಂದು ಕಡೆ ಸರಿಯೂದಿಲ್ಲ. ಸೇತುವಿ ತಿರುಚ್ತದ."

"ಮುಂದಿನ ಶನಿವಾರ ಓಪನಿಂಗು ಅಮ್ಮಾ. ಒಂದು ಕಡೆ ಆಗಿದೆಯಲ್ಲ, ಸದ್ಯಕ್ಕೆ ಸಾಕಲ್ವಾ?"

"ಒಂದ ಕಾಲಿಗೆ ಚಪ್ಪಲ್ ಹಾಕ್ಕೊಂಡು ಮದಿವಿಗೆ ಹೋಗ್ತೀರೇನು?"

ಯಾರೋ ನಕ್ಕರು. ಅನಂತಪದ್ಮನಾಭ ನಗಲಿಲ್ಲ. ಮುನ್ನೂರು ಜನ, ಟೆಂಟು, ಊಟ, ಭಾಷಣ ಎಂದು ಬೆರಳು ಮಡಚಿದರು. ಬಿರುಕಿನ ಕಡೆ ನೋಡಿದರು. ಮಡಚಿದ ಬೆರಳುಗಳನ್ನು ಬಿಚ್ಚಿದರು. ಕೊನೆಗೆ ಫೋನು ತೆಗೆದು ಎಲ್ಲರಿಗೂ ಸಂದೇಶ ಬರೆಯಲು ಕೂತರು. "ತಾಂತ್ರಿಕ ಕಾರಣದಿಂದ ಮುಂದೂಡಲಾಗಿದೆ ಅಂತ ಹಾಕ್ಲಾ?"

"ಯಾವ ಕಾರಣ ಅಂತ ಬರೀರಿ. ಇಲ್ಲಾಂದ್ರ ಮುಂದಿನ ಸಲ ಮತ್ಯಾರೋ ಬಂದು ಗಾರಿ ತುಂಬ್ತಾರ."

ಅವರು ಬರೆದರು. ಬರೆದು, ಯಾರು ಪರೀಕ್ಷೆ ಮಾಡಿದ್ದೆಂದು ಹಾಕಬೇಕಲ್ಲ ಎಂದು ತಲೆಯೆತ್ತಿದರು. ದಾನವ್ವ ಮಗಳ ಕಡೆ ನೋಡಿದಳು. ಸುಮನ್ ಕೈಗೆ ಮೆತ್ತಿದ್ದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು.

"ಖಲಾಸಿ ಅಂತಾನೇ ಹಾಕಿ" ಎಂದಳು ಅವಳು, ಸಿಡುಕಿನಿಂದ. "ಆದ್ರೆ ಸ್ಟೇಜು ಗೀಜು ಏನೂ ಬೇಡ, ಈಗಲೇ ಹೇಳಿದೀನಿ." ಆಮೇಲೆ ತನ್ನ ಫೋನು ತೆಗೆದು ಏನನ್ನೋ ಹುಡುಕತೊಡಗಿದಳು. ಸ್ವಲ್ಪ ಹೊತ್ತಿಗೆ, ಫೋನಿನಿಂದ ಕಣ್ಣೆತ್ತದೆ, "ಗಿಲ್‌ರಾಯ್‌ದಾಗ ಒಬ್ಬಾವ ಬಾಡಿಗಿಗೆ ಕೊಡ್ತಾನಂತ. ಐವತ್ತು ಟನ್ನಿನ ಜಾಕು. ಬುಧವಾರ ಸಿಗ್ತದ" ಎಂದಳು.

"ಒಂದು ಸಾಲೂದಿಲ್ಲ" ಎಂದಳು ದಾನವ್ವ. "ಎರಡು ಕೇಳು."